ಪುಡಿ ಊರಿನದು, ಮೊಸರು ಪುಣೆಯದು

ಪುಣೆಯ ಸದಾಶಿವ ಪೇಠೆ, ನಾರಾಯಣ ಪೇಠೆಗಳ ಹಳೆಯ ಕಿರಾಣಿ ಅಂಗಡಿಗಳಲ್ಲಿ ಗೋಡಾ ಮಸಾಲೆ, ಶೇಂಗಾ ಚಟ್ನಿಗಳ ಸಾಲಿನಲ್ಲಿಯೇ ನಸುಹಳದಿ ಪುಡಿಯ ಪೊಟ್ಟಣವೊಂದು ಕಾಣಸಿಗುತ್ತದೆ. ಮರಾಠಿಗರು ಅದನ್ನು ಮೇತ್‌ಕೂಟ್ ಎನ್ನುತ್ತಾರೆ. ನಮ್ಮಲ್ಲಿ ಅದು ಮೆಂತ್ಯದ ಹಿಟ್ಟು. ಹೆಸರಿನಲ್ಲಿ ಮೆಂತ್ಯವಿದ್ದರೂ ಪುಡಿಯಲ್ಲಿ ಅದರ ಪಾಲು ಅತ್ಯಲ್ಪ. ಬಹುಪಾಲು ಹುರಿದ ಬೇಳೆ ಮತ್ತು ಧಾನ್ಯ. ಮರಾಠಿಯ ‘ಕೂಟ್’ ಎಂದರೆ ಕುಟ್ಟಿದ ಪುಡಿ. ಇಬ್ಬರ ನಡುವೆ ಅತಿ ಸಲಿಗೆ ಬೆಳೆದರೆ ‘ಅವರ ಮೇತ್‌ಕೂಟ್ ಜಮಿಸಿದೆ’ ಎಂದು ಪುಣೆಯ ಜನ ಇಂದಿಗೂ ಆಡಿಕೊಳ್ಳುತ್ತಾರೆ. ಬೇರೆ ಬೇರೆ ಹುರಿದ ಹತ್ತು ಪದಾರ್ಥಗಳು ಒಂದರಲ್ಲೊಂದು ಬೆರೆತು ಗುರುತು ಸಿಗದಂತಾಗುವುದನ್ನು ಕಂಡವರೇ ಈ ಮಾತನ್ನು ಕಟ್ಟಿರಬೇಕು.

ಈ ಪುಡಿಯ ಪೂರ್ಣಾವತಾರ ಮೊಸರಿನಲ್ಲಿ. ಒಂದು ಬಟ್ಟಲು ಗಟ್ಟಿ ಮೊಸರನ್ನು ಚೆನ್ನಾಗಿ ಕಡೆದು, ಎರಡು ಚಮಚ ಪುಡಿ ಬೆರೆಸಿ, ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಹುರಿದ ಬೇಳೆಯ ಹಿಟ್ಟು ಮೊಸರಿನ ನೀರನ್ನು ಹೀರಿ ಉಬ್ಬುತ್ತದೆ. ಮೆಂತ್ಯದಲ್ಲಿರುವ ಲೋಳೆ ಅದನ್ನು ಹಿಡಿದಿಡುತ್ತದೆ. ತೆಳ್ಳಗೆ ಹರಿಯುತ್ತಿದ್ದುದು ಕೆನೆಯಂತೆ ಮಂದವಾಗುತ್ತದೆ. ಉಪ್ಪು ಬಡಿಸುವ ಹೊತ್ತಿಗೆ; ಮೊದಲೇ ಹಾಕಿದರೆ ಹೆಚ್ಚಿದ ಈರುಳ್ಳಿ, ಸೌತೆಕಾಯಿಗಳು ನೀರು ಬಿಟ್ಟು ಗೊಜ್ಜು ಸಡಿಲಾಗುತ್ತದೆ. ಮೇಲೆ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ. ಒಲೆ ಹೊತ್ತಿಸುವುದು ಅದೊಂದಕ್ಕೆ ಮಾತ್ರ. ಹಸಿದು ಬಂದವನ ಮುಂದೆ ಕಾಲು ಗಂಟೆಯೊಳಗೆ ಅನ್ನಕ್ಕೊಂದು ಜೊತೆ ಸಿದ್ಧ.

ಮೊಸರಿಗೂ ಮಸಾಲೆಗೂ ನಮ್ಮಲ್ಲಿ ಬಿದ್ದ ಗಂಟು ಬಹಳ ಹಳೆಯದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಬರುವ ಇಡ್ಡಲಿಗೆಯಲ್ಲಿ ಅಕ್ಕಿಯ ಸುಳಿವಿಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರಿನೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಬೆರೆಸುವ ಕ್ರಮ ಅದು. ಈ ನಾಲ್ಕು ಸಂಬಾರಗಳು ಇಂದಿನ ಮೆಂತ್ಯದ ಹಿಟ್ಟಿನಲ್ಲಿಯೂ ಒಟ್ಟಿಗೆ ಇವೆ ಎಂಬುದನ್ನು ಗಮನಿಸಬೇಕು. ಒಣಮೆಣಸಿನಕಾಯಿ ಮಾತ್ರ ಪೋರ್ಚುಗೀಸರು ಬಂದ ಮೇಲೆ ಅಮೆರಿಕಾ ಖಂಡದಿಂದ ಬಂದು ಸೇರಿದ ಅತಿಥಿ. ಚಾವುಂಡರಾಯನ ಅಡುಗೆಯಿಂದಲೇ ನಮ್ಮ ಪುಡಿ ಹುಟ್ಟಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹುಳಿಯಾದ ಹಾಲಿಗೆ ಯಾವ ಮಸಾಲೆ ಹೊಂದುತ್ತದೆಂಬ ತಿಳಿವಳಿಕೆ ಸಾವಿರ ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ, ಅಷ್ಟೆ.

ಪುಣೆಗೆ ಕನ್ನಡಿಗರು ಬಂದ ಬಗೆಯನ್ನು ನೆನೆದರೆ ಪುಡಿಯ ಮಹತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಪದವಿ ಬೇಕೆಂದ ಆ ಸೀಮೆಯ ಹುಡುಗರಿಗೆ ಮುಂಬಯಿ, ಪುಣೆಗಳೇ ಗತಿ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಮಿರಜ್ ಮಾರ್ಗವಾಗಿ ಪುಣೆಯನ್ನು ಮುಟ್ಟಿದ ಮೇಲೆ ಈ ಓಡಾಟ ಸುಲಭವಾಯಿತು. ಊರಿನಿಂದ ಹೊರಟ ಪೆಟ್ಟಿಗೆಯಲ್ಲಿ ಸಾರು ಬರಲಾರದು, ಮೊಸರು ಬರಲಾರದು, ಬರುವುದು ಪುಡಿ. ಹುರಿದಾಗ ತೇವ ಆರಿಹೋಗಿರುವುದರಿಂದ ಹುಳು ಹಿಡಿಯದು, ಮುಗ್ಗಲಾಗದು; ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಮುಂದಿನ ರಜೆಯವರೆಗೆ ಬಾಳುತ್ತದೆ. ಹೀಗೆ ಅಡುಗೆಯ ಒಣ ಅರ್ಧ ಊರಿನಿಂದ ಬಂತು, ಹಸಿ ಅರ್ಧವನ್ನು ಹೋದ ಊರು ಕೊಟ್ಟಿತು.

ನಮ್ಮ ಕಾಲಕ್ಕೆ ಬಂದರೆ ಆ ಹಸಿ ಅರ್ಧದಲ್ಲಿಯೂ ಒಂದು ಸ್ವಾರಸ್ಯವಿದೆ. ಪುಣೆಯ ಅನೇಕ ಮನೆಗಳಿಗೆ ಹಾಲು, ಮೊಸರು ಬರುವುದು ಚಿತಳೆಯವರಿಂದ. ಅವರ ಡೇರಿ 1939ರಲ್ಲಿ ಆರಂಭವಾದದ್ದು ಸಾಂಗ್ಲಿ ಜಿಲ್ಲೆಯ ಭಿಲವಡಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅದೇ ಕೃಷ್ಣೆ ಮುಂದೆ ನಮ್ಮ ಚಿಕ್ಕೋಡಿ, ಅಥಣಿಗಳ ಕಡೆಗೆ ಹರಿಯುತ್ತಾಳೆ.

ಪುಡಿಯನ್ನು ಪೊಟ್ಟಣಕ್ಕೆ ತುಂಬಿ ದೂರದವರಿಗೆ ಕಳಿಸುವ ಈ ಯುಕ್ತಿ ಅಮೆರಿಕೆಯಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ನೆಲೆಸಿದ ನಮ್ಮವರ ಮಕ್ಕಳು ಸೊಪ್ಪು, ಕ್ಯಾರೆಟ್, ಪಿಜ್ಜಾ, ಎಲ್ಲಕ್ಕೂ ಸುರಿದುಕೊಳ್ಳುವ ರ‍್ಯಾಂಚ್ ಡ್ರೆಸಿಂಗ್ ಎಂಬ ಬಿಳಿಯ ಗೊಜ್ಜಿದೆಯಲ್ಲ, ಅದರ ಕರ್ತೃ ಸ್ಟೀವ್ ಹೆನ್ಸನ್. ಅಲಾಸ್ಕದಲ್ಲಿ ಕೊಳಾಯಿ ಕೆಲಸದ ಗುತ್ತಿಗೆ ಮಾಡುತ್ತಿದ್ದಾಗ, ಕೆಲಸದವರಿಗೆ ಅಡುಗೆ ಮಾಡಿ ಹಾಕುತ್ತ ಅವನು ಈ ಗೊಜ್ಜನ್ನು ಹದಗೊಳಿಸಿದ. 1954ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಬಳಿ ಹೆಂಡತಿಯೊಡನೆ ಹಿಡನ್ ವ್ಯಾಲಿ ಎಂಬ ಅತಿಥಿಗೃಹ ತೆರೆದಾಗ, ಉಂಡವರು ಮನೆಗೂ ಬೇಕೆಂದರು. ಮಜ್ಜಿಗೆಯನ್ನು ಅಂಚೆಯಲ್ಲಿ ಕಳಿಸಲಾದೀತೇ? ಬೆಳ್ಳುಳ್ಳಿ, ಈರುಳ್ಳಿ, ಒಣಸೊಪ್ಪುಗಳ ಪುಡಿಯನ್ನಷ್ಟೇ ಪೊಟ್ಟಣ ಕಟ್ಟಿ ಅಂಚೆಗೆ ಹಾಕಿದ. ಕೊಂಡವರು ತಮ್ಮ ಮನೆಯ ಮಜ್ಜಿಗೆಗೂ ಮೇಯೊನೇಸಿಗೂ ಅದನ್ನು ಬೆರೆಸಿ, ತುಸು ಹೊತ್ತು ತಣ್ಣಗಿಟ್ಟು ಮಂದವಾಗಲು ಬಿಡಬೇಕು. ನಮ್ಮ ಮೆಂತ್ಯದ ಹಿಟ್ಟಿನ ಗೊಜ್ಜಿಗೆ ಇದಕ್ಕಿಂತ ಹತ್ತಿರದ ನಂಟನನ್ನು ಹುಡುಕುವುದು ಕಷ್ಟ. 1972ರಲ್ಲಿ ಹೆನ್ಸನ್ ಹೆಸರನ್ನೂ ಪಾಕವನ್ನೂ ಕ್ಲೋರಾಕ್ಸ್ ಸಂಸ್ಥೆಗೆ 80 ಲಕ್ಷ ಡಾಲರಿಗೆ ಮಾರಿದ. ಬಟ್ಟೆ ಬಿಳುಪುಗೊಳಿಸುವ ದ್ರಾವಣಕ್ಕೆ ಹೆಸರಾದ ಸಂಸ್ಥೆ ಊಟದ ಗೊಜ್ಜಿಗೆ ಒಡೆಯನಾದದ್ದು ವ್ಯಾಪಾರದ ಲೀಲೆ!

ಆ ವೇಳೆಗೆ ಪುಣೆಯಲ್ಲಿಯೂ ಪೊಟ್ಟಣದ ಉದ್ಯಮ ಬೇರೂರಿತ್ತು. ಗಿಲಾನಿ ಮತ್ತು ತೇಜಾನಿ ಎಂಬ ಪಾಲುದಾರರು 1963ರಲ್ಲಿ ಆರಂಭಿಸಿದ ಗಿಟ್ಸ್ ಸಂಸ್ಥೆ ಈ ಊರಿನದೇ. ಇಡ್ಲಿ, ದೋಸೆ, ಗುಲಾಬ್ ಜಾಮೂನುಗಳು ಪುಡಿಯ ರೂಪದಲ್ಲಿ ಅಂಗಡಿಗೆ ಬಂದವು. ರಾತ್ರಿಯಿಡೀ ಹುದುಗು ಬರಲು ಕಾಯುವ ಕೆಲಸವನ್ನು ಸೋಡಾ ಮತ್ತು ಹುಳಿಯ ಹರಳುಗಳು ಕೆಲವೇ ನಿಮಿಷಗಳಲ್ಲಿ ಮುಗಿಸಿದವು. ರುಚಿಯ ಮಾತು ಬೇರೆ. ಚಳಿಗಾಲದ ಪುಣೆಯಲ್ಲಿ ಹಿಟ್ಟು ಉಬ್ಬದೆ ಬೇಸತ್ತವರು ಆ ಪೊಟ್ಟಣವನ್ನು ಹಗುರವಾಗಿ ನೋಡಲಾರರು.

ಬೆಂಗಳೂರಿನ ಎಂ.ಟಿ.ಆರ್. ಈ ದಾರಿಗೆ ಬಂದದ್ದು ಇಚ್ಛೆಯಿಂದಲ್ಲ. ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಸೋದರರೊಡನೆ 1924ರಲ್ಲಿ ತೆರೆದ ಆ ಹೋಟೆಲು, ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಗಳ ಬೆಲೆಯನ್ನು ಇಳಿಸಿ ಕಟ್ಟಿಹಾಕಿದಾಗ ಹೋಟೆಲು ನಡೆಸುವುದೇ ದುಸ್ತರವಾಗಿ ಬಾಗಿಲು ಮುಚ್ಚಬೇಕಾಯಿತು. ಆಗ ಅಡುಗೆಯವರ ಕೈಗೆ ಕೆಲಸ ಕೊಟ್ಟದ್ದು ಪುಡಿ, ಮಿಶ್ರಣಗಳ ಮಾರಾಟ. 2007ರಲ್ಲಿ ಆ ಆಹಾರೋದ್ಯಮ ನಾರ್ವೆಯ ಓರ್ಕ್ಲಾ ಸಂಸ್ಥೆಯ ವಶವಾಯಿತು. ಹೊರನಾಡಿನ ನಮಗೆ ಅದೇ ಪೊಟ್ಟಣ ಊರಿನ ರುಚಿಯ ಖಾತರಿಯಾಗಿ ಉಳಿದಿದೆ; ಒಡೆತನ ಎಲ್ಲಿದೆ ಎಂದು ನಾವು ಕೇಳುವುದಿಲ್ಲ.

ಮೆಂತ್ಯದ ಹಿಟ್ಟಿಗೆ ಒಡೆಯರಿಲ್ಲ. ಇದು ಅದರ ಭಾಗ್ಯವೂ ಹೌದು, ಅಪಾಯವೂ ಹೌದು. ಹೆನ್ಸನ್ನನ ಪಾಕಕ್ಕೆ ಬೆಲೆ ಬಂದದ್ದು ಅದರ ಪ್ರಮಾಣ ನಿಶ್ಚಿತವಾಗಿದ್ದುದರಿಂದ. ನಮ್ಮ ಹಿರಿಯರ ಪ್ರಮಾಣ ಅವರ ಕೈಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಮರಾಠಿಯಲ್ಲಿ ಕಮಲಾಬಾಯಿ ಓಗಲೆಯವರ ‘ರುಚಿರಾ’ 1970ರಲ್ಲಿ ಬಂದಾಗ, ಎಲ್ಲವನ್ನೂ ಬಟ್ಟಲು, ಚಮಚಗಳ ಲೆಕ್ಕದಲ್ಲಿ ಹೇಳಿದ್ದಕ್ಕಾಗಿಯೇ ಅದು ಮನೆಮನೆಗೆ ಹೋಯಿತು. ಅತ್ತೆ, ತಾಯಿಯರಿಂದ ದೂರ ಸಂಸಾರ ಹೂಡಿದವರಿಗೆ ‘ಸಾಕಷ್ಟು’, ‘ಅಂದಾಜಿನಲ್ಲಿ’ ಎಂಬ ಮಾತುಗಳು ಉಪಯೋಗಕ್ಕೆ ಬರುವುದಿಲ್ಲ. ಊರಿನಿಂದ ಡಬ್ಬಿ ಬರುವುದು ನಿಂತ ದಿನ ನಾವು ಪೇಠೆಯ ಅಂಗಡಿಗೆ ಹೋಗುತ್ತೇವೆ, ಮೇತ್‌ಕೂಟ್ ತರುತ್ತೇವೆ. ಅದು ಚೆನ್ನಾಗಿಯೇ ಇರುತ್ತದೆ, ನಮ್ಮ ಮನೆಯದಾಗಿರುವುದಿಲ್ಲ. ಕೆಲ ವರ್ಷ ಕಳೆದರೆ ವ್ಯತ್ಯಾಸ ಏನಿತ್ತೆಂಬುದೂ ಮರೆತುಹೋಗುತ್ತದೆ.

ಆದುದರಿಂದ ಒಂದು ಲೆಕ್ಕವನ್ನು ಇಲ್ಲಿ ಬರೆದಿಡುತ್ತೇವೆ. ಒಂದು ಬಟ್ಟಲು ಕಡಲೆಬೇಳೆ, ಅರ್ಧ ಬಟ್ಟಲು ಉದ್ದಿನಬೇಳೆ, ಕಾಲು ಕಾಲು ಬಟ್ಟಲು ಅಕ್ಕಿ ಮತ್ತು ಗೋಧಿ. 2 ಚಮಚ ಕೊತ್ತಂಬರಿ ಬೀಜ, 2 ಚಮಚ ಜೀರಿಗೆ, 1 ಚಮಚ ಮೆಂತ್ಯ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಒಣಮೆಣಸಿನಕಾಯಿ, ಸಣ್ಣ ತುಂಡು ಒಣಶುಂಠಿ. ಎಣ್ಣೆ ಸೋಕಿಸದೆ, ಸಣ್ಣ ಉರಿಯಲ್ಲಿ, ಒಂದೊಂದನ್ನೂ ಬೇರೆಯಾಗಿ ಹುರಿಯಬೇಕು. ಬೇಳೆ ಹೊಂಬಣ್ಣಕ್ಕೆ ಬರಬೇಕು. ಮೆಂತ್ಯ ಮಾತ್ರ ಕೆಂಪಾದೊಡನೆ ಇಳಿಸಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಅರಿಸಿನ, ಇಂಗು ಸೇರಿಸಿ ನುಣ್ಣಗೆ ಬೀಸಿ ಜರಡಿ ಹಿಡಿಯುವುದು. ನಿಮ್ಮ ಮನೆಯ ಲೆಕ್ಕ ಬೇರೆಯಿದ್ದರೆ, ತಿಳಿದವರು ಇನ್ನೂ ಫೋನಿಗೆ ಸಿಗುವಾಗಲೇ ಕೇಳಿ ಬರೆದುಕೊಳ್ಳಿ. ಅವರು ‘ಒಂದು ಹಿಡಿ’ ಎಂದರೆ, ಆ ಹಿಡಿ ಎಷ್ಟು ಚಮಚ ಎಂದೂ ಕೇಳಿ.