ಹಬ್ಬಕ್ಕೊಂದು ಹೋಳಿಗೆ

ತೂಕ ಇಳಿಸೋದಕ್ಕಿಂತ, ಇಳಿದದ್ದನ್ನು ಉಳಿಸಿಕೊಳ್ಳೋದೇ ಕಷ್ಟ. ಬೇಕರಿ ಕಂಡರೆ ಸಾಕು, ಬಾಯಲ್ಲಿ ನೀರು!

ಚಿಂತಾಮಣಿ ತಾಲ್ಲೂಕಿನ ನಮ್ಮ ಕೆಂಚಾರ್ಲಹಳ್ಳಿ ಕಡೆಯ ಹಿರಿಯರಿಗೆ ಈ ಪರದಾಟವಿರಲಿಲ್ಲ. ಮಳೆ, ಕೆರೆ ನಂಬಿದ ಬೇಸಾಯ. ದಿನಾ ರಾಗಿಮುದ್ದೆ, ಹುರುಳಿ ಸಾರು. ಅನ್ನ, ಹೋಳಿಗೆ ಹಬ್ಬಕ್ಕೆ ಮಾತ್ರ. 16ನೇ ಶತಮಾನದಲ್ಲೇ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೆದುರು ರಾಗಿಯನ್ನು ಗೆಲ್ಲಿಸಿದ್ದರು. ಆದರೂ ಅನ್ನದ ಆಸೆ ಹೋಗಲಿಲ್ಲ. ಅಂದರೆ ಹಿರಿಯರದು ಸಂಯಮವಷ್ಟೇ ಅಲ್ಲ, ಬಡತನವೂ ಹೌದು.

2013ರಲ್ಲಿ ಅನ್ನಭಾಗ್ಯ ಬಂತು, ಬಡವರ ಮನೆಗೂ ಅಕ್ಕಿ ಬಂತು. ಒಳ್ಳೆಯದೇ ಆಯ್ತು. ಆದರೆ ಉಳ್ಳವರಾದ ನಮಗೆ ಈಗ ದಿನವೂ ಹಬ್ಬ! ಅಂದು ಕೊರತೆ ಹಾಕಿದ್ದ ಬೇಲಿಯನ್ನು ಇಂದು ನಾವೇ ಹಾಕಿಕೊಳ್ಳಬೇಕು. ಕುರುಕಲು ಮನೆಗೆ ತರದಿದ್ದರೆ ಅರ್ಧ ಗೆದ್ದಂತೆ. ಯುಗಾದಿಗೆ ಮಾತ್ರ ಹೋಳಿಗೆ ತುಪ್ಪ ಹಾಕಿಕೊಂಡೇ ತಿನ್ನೋಣ. ಏನಂತೀರಿ?