ತಗಡೂರಿನ ಕಬ್ಬು, ನಮ್ಮ ಮನೆಯ ಕಜ್ಜಾಯ

ಭಾರತೀಯ ಆಹಾರ ಸಂಸ್ಕೃತಿಯಲ್ಲಿ ಸಿಹಿತಿನಿಸು ಕೇವಲ ನಾಲಗೆಯ ರುಚಿಗಾಗಿ ಹುಟ್ಟಿದ್ದಲ್ಲ. ದೇವರ ನೈವೇದ್ಯ, ಮದುವೆಯ ಬೀಗರೂಟ, ತೊಟ್ಟಿಲ ಶಾಸ್ತ್ರ, ಸುಗ್ಗಿಯ ಸಂಭ್ರಮ ಇವೆಲ್ಲವುಗಳಿಗೂ ಅದು ಸಾಕ್ಷಿಯಾಗಿ ಬಂದಿದೆ. ಋಗ್ವೇದದಲ್ಲಿ 'ಅಪೂಪ'ವೆಂಬ ಭಕ್ಷ್ಯದ ಉಲ್ಲೇಖವಿದೆ. ಕೌಟಿಲ್ಯನ ಅರ್ಥಶಾಸ್ತ್ರವು ಕಬ್ಬಿನ ರಸದಿಂದಾಗುವ ಗುಡ, ಖಂಡ, ಶರ್ಕರಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಈ 'ಶರ್ಕರ'ವೇ ಪಾರಸಿ, ಅರಬ್ಬಿಗಳ ಮೂಲಕ ಸಾಗಿ ಇಂಗ್ಲಿಷಿನ 'ಶುಗರ್' ಆಯಿತು.

ಈ ಇತಿಹಾಸದಲ್ಲಿ ನಮ್ಮ ಸೀಮೆಗೂ ಪಾಲಿದೆ. ಇಂದಿನ ಧರ್ಮಪುರಿಯೇ ಅಂದಿನ ತಗಡೂರು. ಅಲ್ಲಿ ಆಳಿದ ಅದಿಯಮಾನನ ಪೂರ್ವಿಕರು ಈ ನಾಡಿಗೆ ಕಬ್ಬನ್ನು ತಂದರೆಂದು ಔವೈಯಾರ್ ಹಾಡಿದ್ದು ಸಂಘಕಾಲದ 'ಪುರನಾನೂರು' ಸಂಕಲನದಲ್ಲಿದೆ. ಪಾಲಕೋಡಿನ ಹೊಲಗಳಲ್ಲಿ ಇಂದಿಗೂ ಕಬ್ಬು ಬೆಳೆಯುತ್ತದೆ.

ಕನ್ನಡದಲ್ಲಿ ಪಾಕಶಾಸ್ತ್ರದ ಬರಹವೂ ಹಳೆಯದು. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಕ್ರಿ.ಶ. 1025) ಅಡುಗೆಗೂ ಸ್ಥಾನ ಕೊಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸಿಹಿಭಕ್ಷ್ಯಗಳ ವಿವರಗಳಿವೆ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಂತೂ 'ಸೂಪಶಾಸ್ತ್ರ'ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು.

ಗ್ರಂಥಗಳಿಗಿಂತ ಹೆಚ್ಚಾಗಿ ಈ ವಿದ್ಯೆಯನ್ನು ಉಳಿಸಿದವರು ಮನೆಯ ಹೆಂಗಸರು. ಕಜ್ಜಾಯವನ್ನೇ ನೋಡಿರಿ. ಅಕ್ಕಿಯನ್ನು ನೆನೆಸಿ, ನೆರಳಿನಲ್ಲಿ ಆರಿಸಿ, ಪಸೆ ಪೂರ್ತಿ ಆರುವ ಮುನ್ನವೇ ಕುಟ್ಟಿ ಹಿಟ್ಟು ಮಾಡಬೇಕು. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟಾಗ ಅದು ಮೆತ್ತನೆಯ ಉಂಡೆಯಾಗಬೇಕು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಬಲಿತರೆ ಗಟ್ಟಿಯಾಗುತ್ತದೆ. ಈ 'ಹದ'ವನ್ನು ಅಜ್ಜಿ ಸೊಸೆಗೆ, ಸೊಸೆ ಮಗಳಿಗೆ ಕೈಯಿಂದ ಕೈಗೆ ಕಲಿಸಿದರು.

1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆ ಕುಂಪಣಿಯ ವಶವಾಗಿ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಬದಲಾದರೂ ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ನೆರೆಮನೆಯ ತಮಿಳರ ಅದಿರಸ ನಮಗೆ ಕಜ್ಜಾಯ, ಅವರ ಪೋಳಿ ನಮಗೆ ಒಬ್ಬಟ್ಟು, ಅವರ ಸರ್ಕರೈ ಪೊಂಗಲ್ ನಮಗೆ ಹುಗ್ಗಿ. ಹಬ್ಬದ ದಿನ ತಟ್ಟೆಗಳು ಬೇಲಿ ದಾಟಿದಾಗ ಎರಡು ಭಾಷೆಗಳೂ ಒಂದೇ ಸಿಹಿಯನ್ನು ಹಂಚಿಕೊಂಡವು.

ಇಂದು ಬೆಲ್ಲದ ಜಾಗಕ್ಕೆ ಸಕ್ಕರೆಯೂ, ಮನೆಯ ತಂಬಿಟ್ಟಿನ ಜಾಗಕ್ಕೆ ಅಂಗಡಿಯ ಡಬ್ಬಿಯೂ ಬಂದಿವೆ. ಇದರಿಂದ ರುಚಿಯಷ್ಟೇ ನಷ್ಟವಾಗುವುದಿಲ್ಲ. ಹೂರಣ, ಕಣಕ, ಪಾಕ, ಹದ, ಚಿಗಳಿ ಎಂಬ ಮಾತುಗಳೂ ಮಕ್ಕಳ ಬಾಯಿಂದ ಜಾರುತ್ತಿವೆ. ಗಡಿಯಾಚೆಯ ನಮಗೆ ಕನ್ನಡವೆಂಬುದು ಪಾಠಪುಸ್ತಕದಲ್ಲಿ ಮಾತ್ರ ಉಳಿದರೆ ಸಾಲದು. ಅಡುಗೆಮನೆಯಲ್ಲಿಯೂ ಅದು ಉಳಿಯಬೇಕು. ಶತಮಾನೋತ್ಸವದ ಈ ಶುಭವರ್ಷದಲ್ಲಿ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ: ಮುಂದಿನ ಯುಗಾದಿಗೆ ಮಕ್ಕಳನ್ನು ಒಲೆಯ ಬಳಿ ಕೂರಿಸಿಕೊಂಡು ಒಬ್ಬಟ್ಟು ಮಾಡಿರಿ. ಹಿರಿಯರು ಹೇಳುವ ವಿಧಾನವನ್ನು ಅವರ ಮಾತಿನಲ್ಲಿಯೇ ಮಕ್ಕಳ ಕೈಯಿಂದ ಬರೆಯಿಸಿರಿ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಆ ಹಾಳೆಗಳಿಗೆ ಸ್ಥಳವಿದೆ.