ಗಣಕ ಬದಲಾದರೆ ಕನ್ನಡ ಏಕೆ ಕೆಡುತ್ತದೆ?

ಹುಬ್ಬಳ್ಳಿ ತಾಲೂಕಿನ ಸುಳ್ಳದಂಥ ಊರಿನವರಿಗೆ ಲಗ್ನಪತ್ರಿಕೆಯಿಂದ ಸಂಘದ ವಾರ್ಷಿಕ ವರದಿಯವರೆಗೆ ಏನೇ ಅಚ್ಚಾಗಬೇಕಿದ್ದರೂ ಹುಬ್ಬಳ್ಳಿ ಪೇಟೆಯೇ ಗತಿ. ಅಲ್ಲಿನ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಮಾಡಿಸಿದ ವರದಿಯನ್ನು ಇಂದಿನ ಹೊಸ ಗಣಕದಲ್ಲಿ ತೆರೆದು ನೋಡಿ. ‘ಕನ್ನಡ’ ಎಂದಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡಿನ ಗುರುತು ಸಾಲಾಗಿ ನಿಂತಿರುವ ಸಂಭವವೇ ಹೆಚ್ಚು. ವೈರಸ್ ಹೊಕ್ಕಿತೆಂದು ಹೆದರುವವರುಂಟು. ಆದರೆ ಕಡತ ಕೆಟ್ಟಿಲ್ಲ. ಹಳೆಯ ಗಣಕ ಒಳಗೆ ಬರೆದಿಟ್ಟಿದ್ದನ್ನೇ ಹೊಸದು ತೋರಿಸುತ್ತಿದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಲವರು ವಿಂಡೋಸ್ 11ಕ್ಕೋ, ಲಿನಕ್ಸ್‌ಗೋ ಹೊರಳುತ್ತಿದ್ದಾರೆ. ಹೀಗೆ ಮನೆ ಬದಲಿಸುವಾಗ ಕನ್ನಡದ ಹಳೆಯ ಗಂಟು ಮತ್ತೆ ಬಿಚ್ಚಿಕೊಳ್ಳುತ್ತದೆ. ಅದು ಕಟ್ಟಿಕೊಂಡದ್ದು ಹೇಗೆ?

ಗಣಕಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಅಕ್ಷರಶೈಲಿಗೆ ಇದ್ದದ್ದು 256 ಮನೆಗಳು. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾಗಿದ್ದವು. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡದ ರೂಪಗಳು ಸಾವಿರ ದಾಟುತ್ತವೆ. ನಮ್ಮವರು ಉಪಾಯ ಹುಡುಕಿದರು. ಅಕ್ಷರವನ್ನು ಚೂರು ಮಾಡಿ, ತಲೆಕಟ್ಟು ಬೇರೆ, ಒಡಲು ಬೇರೆ, ಒತ್ತು ಬೇರೆ ಎಂದು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ‘ಪಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ಕಕಾರ, ಪೌಂಡಿನ ಮನೆಯಲ್ಲಿ ನಕಾರ. ಶೇಷಾದ್ರಿವಾಸು ಅವರ ‘ಬರಹ’ (1998), ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ಉಪಾಯದಿಂದಲೇ ಕನ್ನಡವನ್ನು ಕಚೇರಿಗೂ ಅಂಗಡಿಗೂ ತಲುಪಿಸಿದವು. ಆ ಉಪಕಾರ ಸಣ್ಣದಲ್ಲ. ಆದರೆ ಕಡತದಲ್ಲಿ ಉಳಿದದ್ದು ಕನ್ನಡದ ಚಿತ್ರ, ಕನ್ನಡವಲ್ಲ. ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಬಾಡಿಗೆದಾರ ಮಾಯವಾಗಿ ಮನೆಯ ಯಜಮಾನ ಕಾಣಿಸಿಕೊಳ್ಳುತ್ತಾನೆ.

ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು ಯೂನಿಕೋಡ್‌ನಲ್ಲಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಆದರೆ ಕ, ಇಕಾರದ ಗುರುತು ಎಂದು ಬಿಡಿಯಾಗಿ ಇಟ್ಟದ್ದನ್ನು ‘ಕಿ’ ಎಂದು ಕೂಡಿಸಿ ತೋರಿಸುವ ಕೆಲಸ ಕಾರ್ಯಾಚರಣ ವ್ಯವಸ್ಥೆಯದು. ವಿಂಡೋಸ್ 98ಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಅದನ್ನು ಕಲಿತು ಬಂತು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅಷ್ಟರಲ್ಲಿ ಹಳೆಯ ಪದ್ಧತಿಯ ಕಡತಗಳು ರಾಶಿ ಬಿದ್ದಿದ್ದವು.

ಪರಿವರ್ತಕ ತಂತ್ರಾಂಶಗಳು ಇವೆ, ನಿಜ. ಅವುಗಳ ಕಷ್ಟ ತಿಳಿಯಲು ‘ಕರ್ನಾಟಕ’ ಪದವೊಂದೇ ಸಾಕು. ಹಳೆಯ ಕಡತದಲ್ಲಿ, ಕಣ್ಣಿಗೆ ಕಾಣುವಂತೆ, ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ, ಬಾಯಲ್ಲಿ ನುಡಿಯುವಂತೆ, ರಕಾರ ಮೊದಲು. ತಂತ್ರಾಂಶ ಇದನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ನಡುವೆ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದು ಬಗೆದು ಕೆಡಿಸುವುದುಂಟು. ಆದ್ದರಿಂದ ಹೆಸರು, ಅಂಕಿಗಳನ್ನು ಮೂಲದೊಂದಿಗೆ ತಾಳೆ ನೋಡದೆ ಹಳೆಯ ಕಡತ ಅಳಿಸಬಾರದು.

ಇನ್ನು ಬೆರಳಿನ ಪಾಡು. ಬೆರಳಚ್ಚು ಯಂತ್ರದಲ್ಲಿ ಅನಂತಸುಬ್ಬರಾಯರ ವಿನ್ಯಾಸಕ್ಕೆ ಒಗ್ಗಿದ ಕೈಗಳು, ಗಣಕ ಬಂದಾಗ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಕಲಿತವು. ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’ ಮೂಡುವ ಸರಳ ಕ್ರಮವದು. ವಿಂಡೋಸ್‌ನೊಂದಿಗೆ ಬಂದ ‘ಇನ್‌ಸ್ಕ್ರಿಪ್ಟ್’ನಲ್ಲಿ ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಮತ್ತೆ ಅಕ್ಷರಾಭ್ಯಾಸ! ಲಿನಕ್ಸ್‌ಗೆ ಹೋಗುವವರು ಅಂಜಬೇಕಿಲ್ಲ. ರಾವ್ ಅವರ ಕ್ರಮ ಅಲ್ಲಿ ‘ಕಗಪ’ ಹೆಸರಿನಲ್ಲಿ ದೊರೆಯುತ್ತದೆ.

ಬೆರಳು ಹೇಗೋ ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಕಡತಕ್ಕೆ ಆ ಶಕ್ತಿಯಿಲ್ಲ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಊರಿನ ಸಂಘದ ಲೆಕ್ಕ, ಜಾತ್ರೆಯ ಸ್ಮರಣ ಸಂಚಿಕೆ, ತೀರಿಹೋದ ಮೇಷ್ಟ್ರ ಲೇಖನ ಅದರಲ್ಲಿ ಇವೆಯೇ ಎಂದು ಒಮ್ಮೆ ನೋಡಿ. ಓದಬಲ್ಲ ಗಣಕ ಇರುವಾಗಲೇ ಅವನ್ನು ಸ್ವಂತ ಮನೆಗೆ ಸೇರಿಸಿಬಿಡುವುದು ಒಳ್ಳೆಯದು.